ಬೋರಲು ತೆಪ್ಪದ ಮೇಲೆ ಕುಳಿತವಳು

ಸಣ್ಣತಾಯಮ್ಮ ಡೈರಿಗೆ ಹಾಲು ತರುವುದು ಬೆಳಿಗ್ಗೆ ಆರೂಕಾಲಿಗೆ. ಹನ್ನೆರಡು ವರ್ಷದಿಂದ ನಮ್ಮೂರ ಹಾಲಿನ ಸಂಘದ ಕಾರ್ಯದರ್ಶಿಯಾಗಿರುವ ನನಗೆ ಅವಳ ಹೆಜ್ಜೆಯ ಸದ್ದು ಗೊತ್ತು. ಸಾಲಿನಲ್ಲಿ ನಿಂತಾಗ ಮಾತು ಕಡಿಮೆ. ಕ್ಯಾನು ಮುಂದಿಡುತ್ತಾಳೆ, ಹಾಲು ಎಷ್ಟು ಗಟ್ಟಿಯೆಂದು ಮಿಷನ್ನು ತೋರಿಸುವ ಡಿಗ್ರಿ ನೋಡುತ್ತಾಳೆ, ಕಡಿಮೆ ಬಂದರೆ ನನ್ನ ಮುಖ ನೋಡುತ್ತಾಳೆ. ಅಷ್ಟೇ. ಇಂಥವಳ ಮೇಲೆ ಒಂದು ವರ್ಷ ಪೂರ್ತಿ ಊರೆಲ್ಲ ಮಾತಾಡಿತು. ಮಾತಾಡಿದವರಲ್ಲಿ ನಾನೂ ಒಬ್ಬ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಹೇಳುವ ಹೊಣೆ ನನ್ನ ಮೇಲಿದೆ ಅನಿಸುತ್ತದೆ.

ಅವಳ ತವರು ಮಂಡ್ಯದ ಹತ್ತಿರದ ಹೊಳಲು. ನಾಲೆ ನೀರಿನ ಊರು. ಹುಟ್ಟಿದಾಗಿನಿಂದ ಅವಳು ನೋಡಿದ್ದು ಗದ್ದೆಯ ಬದುವಿನ ಪಕ್ಕ ಹರಿದು ಹೋಗುವ ನೀರನ್ನು. ಹತ್ತೊಂಬತ್ತನೇ ವಯಸ್ಸಿಗೆ ಮದುವೆಯಾಗಿ ಹಲಗೂರಿನ ಆಚೆಗಿರುವ ನಮ್ಮೂರಿಗೆ ಬಂದಾಗ ಮೊದಲ ಸಲ ಇಷ್ಟು ದೊಡ್ಡ ಕೆರೆ ನೋಡಿದಳಂತೆ. ಗಂಡ ಕೆಂಪರಾಜುವಿನ ಮನೆಯಲ್ಲಿ ಎರಡು ಹಸು, ಒಂದಿಷ್ಟು ರಾಗಿ ಹೊಲ, ಜೊತೆಗೆ ಅಪ್ಪನ ಕಾಲದಿಂದ ಬಂದ ಮೀನುಗಾರರ ಸಂಘದ ಸದಸ್ಯತ್ವ. ಹೊಲದಷ್ಟೇ ಕೆರೆಯೂ ಅವರಿಗೆ ಊಟ ಹಾಕುತ್ತಿತ್ತು.

ಮದುವೆಯಾದ ಹೊಸತರಲ್ಲಿ ಕೆಂಪರಾಜು ಅವಳನ್ನು ತೆಪ್ಪದಲ್ಲಿ ಕೂರಿಸಿಕೊಂಡು ಹೋದ. ತೆಪ್ಪವೆಂದರೆ ಬಿದಿರಿನ ದೊಡ್ಡ ಬುಟ್ಟಿ, ಹೊರಗೆ ಟಾರು ಬಳಿದ ಪ್ಲಾಸ್ಟಿಕ್ ಹೊದಿಕೆ. ದುಂಡಗಿರುವುದರಿಂದ ಅದಕ್ಕೆ ಮುಂದು ಹಿಂದು ಇಲ್ಲ. ಹುಟ್ಟು ಹಾಕಲು ಬಾರದವನ ಕೈಯಲ್ಲಿ ಅದು ಇದ್ದಲ್ಲೇ ಗಿರಗಿರನೆ ತಿರುಗುತ್ತದೆ. ಅವತ್ತು ಸಣ್ಣತಾಯಮ್ಮ ತಲೆ ತಿರುಗಿ ವಾಂತಿ ಮಾಡಿಕೊಂಡಳು. ಮೂರನೇ ವರ್ಷದ ಹೊತ್ತಿಗೆ ಹುಟ್ಟು ಅವಳ ಕೈಗೇ ಬಂತು. ಬಲೆ ಬಿಡುವುದು, ಎತ್ತುವುದು ಅವನ ಕೆಲಸ. ತೆಪ್ಪವನ್ನು ಅಲುಗದ ಹಾಗೆ ನಿಲ್ಲಿಸುವುದು ಅವಳ ಕೆಲಸ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹೀಗೇ ನಡೆಯಿತು.

"ನಾಲೆ ನೀರಿಗೆ ತನ್ನ ದಾರಿ ಗೊತ್ತಿರ್ತದೆ. ಕೆರೆ ನೀರು ಗಾಳಿ ಏಳ್ದಂಗೆ ಕೇಳ್ತದೆ," ಎಂದು ಅವಳು ನನಗೊಮ್ಮೆ ಹೇಳಿದ್ದಳು.

ನಮ್ಮ ಕೆರೆಯ ಏರಿ ಇರುವುದು ಪಡುವಣಕ್ಕೆ. ಆಷಾಢದ ಗಾಳಿ ಬೀಸುವುದೂ ಪಡುವಣದಿಂದಲೇ. ಏರಿಯ ಮೇಲೆ ಹುಣಸೆ, ಹೊಂಗೆ ಸಾಲಾಗಿ ಬೆಳೆದಿವೆ. ಹಾಗಾಗಿ ಏರಿಯ ಬುಡದ ನೀರಿಗೆ ಗಾಳಿ ತಾಗುವುದಿಲ್ಲ, ಅದು ತಟ್ಟೆಯಲ್ಲಿಟ್ಟ ನೀರಿನಂತೆ ಕಾಣುತ್ತದೆ. ಅಲ್ಲಿಂದ ತೆಪ್ಪ ತಳ್ಳುವವನಿಗೆ ಭಯ ಹುಟ್ಟುವುದೇ ಇಲ್ಲ. ನೂರು ಮಾರು ದಾಟಿದ ಮೇಲೆ ಗಾಳಿ ಬೆನ್ನಿಗೆ ಬೀಳುತ್ತದೆ. ಹೋಗುವುದು ಸಲೀಸು, ಬರುವುದು ಮಾತ್ರ ಆಗುವುದಿಲ್ಲ. ಕೆರೆ ಮೂಡಲಿಗೆ ಎರಡು ಕಿಲೋಮೀಟರು ಚಾಚಿಕೊಂಡಿದೆ. ಅಲೆಗಳು ಹೋಗುತ್ತ ಹೋಗುತ್ತ ದೊಡ್ಡವಾಗಿ ಆ ಕಡೆಯ ಜಾಲಿಮರಗಳಿಗೆ ಬಡಿಯುತ್ತವೆ. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಹುಟ್ಟಿದ ಊರಾದರೂ ಗಾಳಿ ಬೀಸುವ ದಿನ ನಾನು ಆ ದಡದಲ್ಲಿ ನಿಂತು ನೋಡಿರಲಿಲ್ಲ.

ಸಣ್ಣತಾಯಮ್ಮನಿಗೆ ಗೊತ್ತಿತ್ತು. ಆಷಾಢದಲ್ಲಿ ಅವಳು ಬೆಳಿಗ್ಗೆ ಏರಿ ಹತ್ತಿ, ನೀರು ನೋಡದೆ ಆ ದಡದ ನೀಲಗಿರಿ ತೋಪಿನ ತುದಿ ನೋಡುತ್ತಿದ್ದಳು. ತುದಿ ಒಂದೇ ಕಡೆಗೆ ಬಾಗಿದ್ದರೆ ವಾಪಸ್ಸು. ಕೆಂಪರಾಜು ಹುಂಬನಲ್ಲ, ಕುಡಿಯುವವನೂ ಅಲ್ಲ. ಆದರೆ ಇಪ್ಪತ್ತೈದು ವರ್ಷ ಏನೂ ಆಗದೇ ಇದ್ದದ್ದೇ ಅವನ ಧೈರ್ಯ. ಮೀನುಗಾರಿಕೆ ಇಲಾಖೆಯವರು ಕೊಟ್ಟಿದ್ದ ಎರಡು ಕಿತ್ತಳೆ ಬಣ್ಣದ ತೇಲುವ ಜಾಕೆಟ್ಟುಗಳು ಅವರ ಮನೆಯ ಅಟ್ಟದಲ್ಲಿ ಬಿದ್ದಿದ್ದವು. ಸೆಕೆ ಆಗುತ್ತದೆ, ಬಲೆಗೆ ಸಿಕ್ಕಿಕೊಳ್ಳುತ್ತದೆ ಎಂದು ಯಾರೂ ಹಾಕುತ್ತಿರಲಿಲ್ಲ. ಅವಳೂ ಹಾಕುತ್ತಿರಲಿಲ್ಲ.

ಎರಡು ವರ್ಷದ ಹಿಂದಿನ ಆಷಾಢ. ಹಿಂದಿನ ಸಲದ ಮಳೆಗೆ ಕೆರೆ ತುಂಬಿತ್ತು. ಸೋಮವಾರ ಸಂಜೆ ಬಲೆ ಬಿಟ್ಟು ಬಂದರು. ಮಂಗಳವಾರ ಬೆಳಿಗ್ಗೆ ಎತ್ತಬೇಕು ಅನ್ನುವಾಗ ಗಾಳಿ ಶುರುವಾಯಿತು. ಬುಧವಾರವೂ ನಿಲ್ಲಲಿಲ್ಲ. ನೀರಿನಲ್ಲೇ ಉಳಿದ ಬಲೆ ಮುಳುಗಿದ ಮರದ ಬೊಡ್ಡೆಗಳಿಗೆ ಸುತ್ತಿಕೊಂಡು ಹರಿಯುತ್ತದೆ, ಸಿಕ್ಕಿದ ಮೀನು ಕೊಳೆಯುತ್ತದೆ. ಕೆಂಪರಾಜು ಎರಡು ದಿನವೂ ಏರಿಗೆ ಹೋಗಿ ನಿಂತು, ನೋಡಿ, ಗೊಣಗಿಕೊಂಡು ಬಂದ.

ಗುರುವಾರ ಬೆಳಗಾದಾಗ ಗಾಳಿ ತಗ್ಗಿತ್ತು. ಸಣ್ಣತಾಯಮ್ಮ ಹಾಲು ತೆಗೆದುಕೊಂಡು ಡೈರಿಗೆ ಬಂದಳು. ಒಂದು ಹಸುವಿನ ಕೆಚ್ಚಲು ಊದಿತ್ತು. ಪಶುವೈದ್ಯರು ಎಂಟೂವರೆಗೆ ಬರುವುದಾಗಿ ಫೋನ್ ಮಾಡಿದ್ದರಿಂದ, ಇದ್ದು ಮನೆಗೆ ಕರೆದುಕೊಂಡು ಹೋಗು ಎಂದು ನಾನೇ ಅವಳನ್ನು ನಿಲ್ಲಿಸಿಕೊಂಡೆ. ಮನೆಯಿಂದ ಹೊರಡುವಾಗ ಅವಳು ಗಂಡನಿಗೆ, "ನಾನು ಬರಗಂಟ ಕೆರೆಗೆ ಇಳೀಬ್ಯಾಡ" ಅಂದಿದ್ದಳಂತೆ.

"ಗಾಳಿ ನಿಂತದೆ ಕಣೆ. ಒಂದ್ ಗಳಿಗೆ ಕೆಲ್ಸ," ಅಂದಿದ್ದನಂತೆ ಅವನು.

ಏಳೂವರೆಗೆ ಅವನು ಒಬ್ಬನೇ ತೆಪ್ಪ ತಳ್ಳಿದ. ಒಂಬತ್ತರ ಹೊತ್ತಿಗೆ ಗಾಳಿ ಮತ್ತೆ ಎದ್ದಿತು. ಅಷ್ಟರಲ್ಲಿ ಅವನು ಅರ್ಧ ಬಲೆ ಎತ್ತಿ ತೆಪ್ಪದೊಳಗೆ ಹಾಕಿಕೊಂಡಿದ್ದ. ನೆನೆದ ಬಲೆಯ ಭಾರ, ಅದರ ಮೇಲೆ ಅಲೆಯ ನೀರು. ಒಬ್ಬನೇ ಹುಟ್ಟು ಹಾಕಬೇಕು, ಒಬ್ಬನೇ ನೀರು ತೋಡಬೇಕು. ತೆಪ್ಪ ತಿರುಗಿತು, ಒಂದು ಅಂಚು ಕೆಳಗಾಯಿತು, ಮಗುಚಿಕೊಂಡಿತು.

ಅದನ್ನು ಮೊದಲು ಕಂಡವನು ಕೆಂಪರಾಜುವಿನ ಅಣ್ಣ ಮಹದೇವು. ಏರಿಯ ಮೇಲೆ ಕುರಿ ಮೇಯಿಸುತ್ತಿದ್ದವನು ಊರ ಕಡೆಗೆ ಕೂಗಿಕೊಂಡು ಓಡಿ ಬಂದ. ನಾನು ಡೈರಿಯ ಹಿಂದೆ ಕ್ಯಾನು ತೊಳೆಯುತ್ತಿದ್ದೆ. ಅಲ್ಲಿಂದಲೇ ಮಳವಳ್ಳಿಯ ಅಗ್ನಿಶಾಮಕ ಠಾಣೆಗೆ ಫೋನ್ ಮಾಡಿ ಏರಿಗೆ ಓಡಿದೆ. ಅವರು ಹೊರಟೆವು ಅಂದರು, ಆದರೆ ದಾರಿಯೇ ಮುಕ್ಕಾಲು ಗಂಟೆಯದು.

ನಾನು ಹೋಗುವಷ್ಟರಲ್ಲಿ ಇಪ್ಪತ್ತು ಜನ ಸೇರಿದ್ದರು. ಕೆರೆಯ ನಡುಭಾಗ ದಾಟಿದ ಮೇಲೆ, ಮಲಗಿದ ಎಮ್ಮೆಯ ಬೆನ್ನಿನಂತೆ ಕಪ್ಪಗೆ ಏನೋ ಕಾಣುತ್ತಿತ್ತು. ಅದರ ಪಕ್ಕ ಒಂದು ತಲೆ. ಅಲೆ ಬಂದಾಗ ತಲೆ ಮಾಯವಾಗುತ್ತಿತ್ತು, ಮತ್ತೆ ಕಾಣುತ್ತಿತ್ತು. ಉಳಿದ ಮೀನುಗಾರರು ಆಷಾಢ ಎಂದು ತೆಪ್ಪಗಳನ್ನು ಟಾರು ಬಳಿಯಲು ಮನೆಗೆ ಒಯ್ದಿದ್ದರು. ದಂಡೆಯಲ್ಲಿ ಇದ್ದದ್ದು ಒಂದೇ, ಕೆಂಪರಾಜುವಿನದೇ ಹಳೆಯ ತೆಪ್ಪ, ಬೋರಲು ಹಾಕಿದ್ದು. ಅದನ್ನು ಮಗುಚಲು ಮಹದೇವು ಮತ್ತು ಶಿವು ಬಗ್ಗಿದ್ದರು. ಶಿವು ಕೆಂಪರಾಜು ಸಣ್ಣತಾಯಮ್ಮರ ಒಬ್ಬನೇ ಮಗ, ಇಪ್ಪತ್ಮೂರು ವರ್ಷ. ಗೆಜ್ಜಲಗೆರೆಯ ಕಾರ್ಖಾನೆಯೊಂದರಲ್ಲಿ ಕೆಲಸ. ರಾತ್ರಿ ಪಾಳಿ ಮುಗಿಸಿ ಆಗಷ್ಟೇ ಬಂದಿದ್ದ, ಮೈಮೇಲೆ ಕಾರ್ಖಾನೆಯ ನೀಲಿ ಅಂಗಿ ಹಾಗೇ ಇತ್ತು.

ಸಣ್ಣತಾಯಮ್ಮ ಜನರ ನಡುವಿನಿಂದ ಬಂದಳು. ಪಶುವೈದ್ಯರನ್ನು ಕೊಟ್ಟಿಗೆಯಲ್ಲೇ ಬಿಟ್ಟು ಓಡಿ ಬಂದಿದ್ದರಿಂದ ಏದುಸಿರು. ಒಂದು ಸಲ ಕೆರೆ ನೋಡಿದಳು, ಒಂದು ಸಲ ನೀಲಗಿರಿ ತೋಪು ನೋಡಿದಳು. ಆಮೇಲೆ ಬೋರಲು ತೆಪ್ಪದ ಮೇಲೆ ಹತ್ತಿ ಕುಳಿತುಬಿಟ್ಟಳು.

"ಏಳವ್ವ," ಅಂದ ಶಿವು.

"ಏಳಾಕಿಲ್ಲ."

"ಅವ್ವ, ಅಪ್ಪ ಮುಳುಗ್ತಾವ್ನೆ."

"ಕಾಣ್ತಾ ಅದೆ ನಂಗೂ. ತೆಪ್ಪ ಇಡ್ಕಂಡವ್ನೆ. ಬುಡಾಕಿಲ್ಲ ಅವ್ನು."

ಮಹದೇವುಗೆ ಸಿಟ್ಟು ಬಂತು. "ನಿಂಗೇನ್ ಬುದ್ದಿ ಕೆಟ್ಟದಾ? ನಾವ್ ಓಗ್ತೀವಿ, ನೀ ಎದ್ದೇಳು ಮ್ಯಾಕೆ."

"ಓಯ್ತೀಯ ಬಾವ. ಬರಾದೆಂಗೆ?" ಅಂದಳು ಅವಳು. "ಇದ್ರ ತಳ ಬುಟ್ಟದೆ. ತಳ ನೆಟ್ಟಗಿದ್ರೂ ಈ ಗಾಳೀಲಿ ಅಲ್ಲಿಗಂಟ ಓಗಿ ಅವನ್ನ ಮ್ಯಾಕೆ ಎಳ್ಕಳಕಾಗಕಿಲ್ಲ. ಅಂಚ್ ಇಡ್ಕಂಡ ಅಂದ್ರೆ ಇದೂ ಮಗುಚ್ಕತದೆ. ಆಮ್ಯಾಕೆ ನಾನು ಮೂರು ತಲೆ ನೋಡ್ಬೇಕು ಅಲ್ಲಿ."

ಅಷ್ಟು ಹೊತ್ತಿಗೆ ಅವಳ ಅತ್ತೆ ಬೆಟ್ಟಮ್ಮ ಬಂದಳು. ಎಪ್ಪತ್ತೈದು ದಾಟಿದ ಮುದುಕಿ, ಯಾರದೋ ಕೈ ಹಿಡಿದುಕೊಂಡು ಏರಿ ಹತ್ತಿದ್ದಳು. "ನನ್ನ ಮಗನ್ನ ನೀರಿಗೆ ಬುಟ್ಟು ನೀನು ಕುಂತ್ಕಂಡು ನೋಡ್ತಾ ಇದ್ದೀಯಲ್ಲ," ಅಂದಳು.

ನಾವು ನಾಲ್ಕೈದು ಜನ ಸೇರಿ ಅವಳನ್ನು ಎಳೆದೆವು. ನಾನೂ ಅವಳ ರಟ್ಟೆ ಹಿಡಿದು ಎಳೆದೆ. ಬರೆಯುವಾಗ ಇದನ್ನು ಬಿಟ್ಟುಬಿಡಬಹುದಿತ್ತು, ಆದರೆ ಎಳೆದದ್ದು ನಿಜ. ಅವಳು ಎರಡೂ ಕೈಯಿಂದ ಬಿದಿರಿನ ಅಂಚನ್ನು ಹಿಡಿದಿದ್ದಳು, ಕದಲಲಿಲ್ಲ. ಅಳಲಿಲ್ಲ, ಕೂಗಾಡಲಿಲ್ಲ. ನಮ್ಮ ಕಾಲುಗಳ ಸಂದಿಯಿಂದ ಕೆರೆಯನ್ನೇ ನೋಡುತ್ತಿದ್ದಳು.

"ಅಡ್ಡ ನಿಂತ್ಕಬ್ಯಾಡಿ. ಕಾಣಾಕಿಲ್ಲ," ಅಂದಳು.

ಆಮೇಲೆ ನನ್ನ ಕಡೆ ತಿರುಗಿದಳು. "ರಘು, ಗಾಳಿ ಅವನ್ನ ಜಾಲಿ ಕಡೆಗೆ ತಳ್ತದೆ. ಶಿವೂನ ಬೈಕಲ್ಲಿ ಕರ್ಕಂಡು ಆ ದಡಕ್ಕೋಗು. ಅಗ್ಗ ತಗೊ. ನಿನ್ನ ಡೈರಿ ಕ್ಯಾನು ಖಾಲಿ ಅವಲ್ಲ, ಮುಚ್ಚಳ ಬಿಗ್ದು ಎಲ್ಡು ತಗೊ, ತೇಲ್ತವೆ. ಅವ್ನು ಅಲ್ಲಿಗೇ ಬತ್ತಾನೆ."

ಶಿವು ನಿಂತೇ ಇದ್ದ. "ಅಪ್ಪಂಗೇನಾರ ಆದ್ರೆ ನಿನ್ನ ಮಕ ನೋಡಾಕಿಲ್ಲ ನಾನು."

"ನೋಡ್ಬ್ಯಾಡ. ಈಗ ಓಗು."

ಕೋಡಿ ದಾಟಿ, ಹಲಗೂರು ರಸ್ತೆಗೆ ಬಿದ್ದು, ಅಲ್ಲಿಂದ ಗಾಡಿ ಜಾಡಿನಲ್ಲಿ ಸುತ್ತಿಕೊಂಡು ಆ ದಡ ಸೇರಲು ಐದು ಕಿಲೋಮೀಟರು. ಶಿವು ಹಿಂದೆ ಕುಳಿತು ಎರಡು ಕ್ಯಾನುಗಳನ್ನು ತೊಡೆಗೆ ಒತ್ತಿ ಹಿಡಿದಿದ್ದ.

ಬೈಕು ನಿಲ್ಲಿಸಿ ಜಾಲಿಮರಗಳ ನಡುವೆ ನುಗ್ಗಿದಾಗ ಮೊದಲು ನನಗೆ ಕೇಳಿದ್ದು ಸದ್ದು. ಕೆರೆಗೆ ಅಷ್ಟು ಸದ್ದಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಕೆಂಪು ಮಣ್ಣಿನ ನೀರು ಎದೆಯೆತ್ತರ ಎದ್ದು ಮರಗಳಿಗೆ ಹೊಡೆಯುತ್ತಿತ್ತು, ನೊರೆ ನಮ್ಮ ಮುಖಕ್ಕೆ ಹಾರುತ್ತಿತ್ತು. ಐದು ಕಿಲೋಮೀಟರಿನ ಹಿಂದೆ ನಾವು ನಿಂತಿದ್ದ ಕೆರೆ ಇದೇನಾ ಅನಿಸಿತು. ಆ ತಳ ಬಿಟ್ಟ ತೆಪ್ಪ ಇಂಥ ನೀರಿಗೆ ಬಂದಿದ್ದರೆ ಏನಾಗುತ್ತಿತ್ತು ಎಂದು ಯಾರೂ ಹೇಳಬೇಕಾಗಿರಲಿಲ್ಲ. ಶಿವು ನನ್ನ ಪಕ್ಕ ನಿಂತು ಅದನ್ನೇ ನೋಡುತ್ತಿದ್ದ. ಅವನ ಮುಖದಿಂದ ಸಿಟ್ಟು ಇಳಿದು ಹೋಗಿತ್ತು. ಅದರ ಜಾಗಕ್ಕೆ ಭಯ ಬಂದಿತ್ತು.

ಕೆಂಪರಾಜು ದಡದಿಂದ ಕಾಲು ಕಿಲೋಮೀಟರು ದೂರದಲ್ಲಿದ್ದ. ನಾವು ಕಾದೆವು. ಹತ್ತು ನಿಮಿಷವಾದರೂ ಅವನು ಹತ್ತಿರ ಬರಲಿಲ್ಲ. ಇಪ್ಪತ್ತು ನಿಮಿಷವಾಯಿತು. ತೆಪ್ಪ ಒಂದೇ ಜಾಗದಲ್ಲಿ ಕುಲುಕುತ್ತಿತ್ತು. ಅದಕ್ಕೆ ಅಂಟಿಕೊಂಡಿದ್ದ ಬಲೆಯ ಕೆಳಗಿನ ತುದಿ ನೀರಿನಡಿಯ ಯಾವುದೋ ಬೊಡ್ಡೆಗೆ ಸಿಕ್ಕಿಹಾಕಿಕೊಂಡಿತ್ತು ಎಂಬುದು ನಮಗೆ ತಿಳಿದದ್ದು ಆಮೇಲೆ. ಗಾಳಿ ತಳ್ಳುತ್ತಿತ್ತು, ಬಲೆ ಹಿಡಿದಿತ್ತು, ಅಲೆಗಳೆಲ್ಲ ಅವನ ತಲೆಯ ಮೇಲಿಂದಲೇ ಹೋಗುತ್ತಿದ್ದವು.

ಮಹದೇವು ಏರಿಯಿಂದ ಫೋನ್ ಮಾಡಿದ. "ನಿಂತೋಗದೆ ಕಣ್ಲಾ ತೆಪ್ಪ. ಇವ್ಳು ಅಂದ್ಕಂಡಂಗೆ ಆಗ್ಲಿಲ್ಲ. ಸಾಯಿಸ್ಬುಟ್ಳು ನನ್ ತಮ್ಮನ್ನ," ಅಂದ. ಅವನು ಅಳುತ್ತಿದ್ದ.

ಶಿವು ಅಂಗಿ ಬಿಚ್ಚಿದ. ನಾನು ಅವನ ಪ್ಯಾಂಟಿನ ಬೆಲ್ಟು ಹಿಡಿದುಕೊಂಡೆ. "ಇನ್ನೈದು ನಿಮಿಷ ನೋಡಣ," ಅಂದೆ. ಐದು ನಿಮಿಷವಾದ ಮೇಲೆ ಅದನ್ನೇ ಮತ್ತೆ ಅಂದೆ. ಮೂರನೇ ಸಲ ಅನ್ನುವಾಗ ನನ್ನ ಧ್ವನಿಯ ಮೇಲೆ ನನಗೇ ನಂಬಿಕೆ ಇರಲಿಲ್ಲ. ದೂರದ ಏರಿಯ ಮೇಲೆ ಜನ ಚುಕ್ಕಿಗಳಂತೆ ಕಾಣುತ್ತಿದ್ದರು. ದಂಡೆಯಲ್ಲಿ ಒಂದು ಹಸಿರು ಚುಕ್ಕಿ ಮಾತ್ರ ಬೇರೆಯಾಗಿ, ಕೆಳಗೆ ಇತ್ತು. ಅದು ಅವಳ ಸೀರೆ.

ಕೊನೆಗೆ ತೆಪ್ಪ ಕದಲಿತು. ಕೆಂಪರಾಜುವಿನ ಎಡಗಾಲು ಬಲೆಯಲ್ಲಿ ಸಿಕ್ಕಿತ್ತಂತೆ. ಅವನು ಉಸಿರು ಹಿಡಿದು ನಾಲ್ಕು ಸಲ ಮುಳುಗಿ, ಕಾಲಿನ ಚರ್ಮ ಕಿತ್ತುಹೋದರೂ ಬಿಡದೆ ಪಾದ ಎಳೆದುಕೊಂಡು, ಬಲೆಯ ಹಗ್ಗವನ್ನು ಹಲ್ಲಿನಿಂದ ಕಡಿದು ಹಾಕಿದ್ದ. ಒಮ್ಮೆ ಬಿಡಿಸಿಕೊಂಡ ಮೇಲೆ ಗಾಳಿ ಅವನನ್ನು ಬೇಗ ಬೇಗ ತಂದಿತು. ಅವನು ಬರುತ್ತಿದ್ದುದು ನಮ್ಮ ಬಲಕ್ಕೆ. ನಾವು ಕೆಸರಿನಲ್ಲಿ ಬಿದ್ದು ಎದ್ದು ಆ ಕಡೆ ಓಡಿದೆವು. ಶಿವು ಸೊಂಟಕ್ಕೆ ಹಗ್ಗ ಕಟ್ಟಿಕೊಂಡ. ಇನ್ನೊಂದು ತುದಿಯನ್ನು ನಾನು ಒಂದು ಜಾಲಿಯ ಬುಡಕ್ಕೆ ಸುತ್ತಿ ಹಿಡಿದೆ. ಎರಡು ಕಂಕುಳಲ್ಲಿ ಎರಡು ಕ್ಯಾನು ಸಿಕ್ಕಿಸಿಕೊಂಡು ಅವನು ಜೊಂಡಿನ ಆಚೆಗೆ, ಹದಿನೈದು ಇಪ್ಪತ್ತು ಮಾರು ಹೋದ. ಅಪ್ಪನ ಕೊರಳಿಗೆ ಕೈ ಹಾಕಿದ. ನಾನು ಎಳೆದೆ.

ದಡಕ್ಕೆ ತಂದ ಮೇಲೂ ಕೆಂಪರಾಜುವಿನ ಬಲಗೈ ಬೆರಳುಗಳು ತೆಪ್ಪದ ಅಂಚಿನಿಂದ ಕಿತ್ತು ಬಂದ ಒಂದು ಬಿದಿರಿನ ಸೀಳನ್ನು ಹಿಡಿದೇ ಇದ್ದವು. ಶಿವು ಒಂದೊಂದೇ ಬೆರಳು ಬಿಡಿಸಿದ. ಅಷ್ಟರಲ್ಲಿ ಅಗ್ನಿಶಾಮಕದವರ ಗಾಡಿ ಕೂಡ ಗಾಡಿ ಜಾಡಿಗೆ ಬಂತು. ಅವರೇ ಕಂಬಳಿ ಸುತ್ತಿ ಮಳವಳ್ಳಿ ಆಸ್ಪತ್ರೆಗೆ ಕರೆದೊಯ್ದರು.

ನಾನು ಮಹದೇವುಗೆ ಫೋನ್ ಮಾಡಿ, ಸಣ್ಣತಾಯಮ್ಮನಿಗೆ ಕೊಡು ಅಂದೆ.

"ಸಿಕ್ಕಿದ. ಉಸಿರಾಡ್ತಾ ಇದ್ದಾನೆ," ಅಂದೆ.

"ಶಿವು?"

"ಅವನೂ ಇಲ್ಲೇ ಇದ್ದಾನೆ."

"ಸರಿ," ಅಂದಳು. ಅವಳ ಕಾಲು ಜೋಮು ಹಿಡಿದು, ಇಬ್ಬರು ಹೆಂಗಸರು ಹಿಡಿದೆತ್ತಿ ಮನೆಗೆ ಕರೆದುಕೊಂಡು ಹೋದರಂತೆ.

ಕೆಂಪರಾಜು ಮೂರು ದಿನಕ್ಕೆ ಮನೆಗೆ ಬಂದ. ಒಬ್ಬರೂ ಸತ್ತಿರಲಿಲ್ಲ. ಸಣ್ಣತಾಯಮ್ಮನ ಕಷ್ಟ ಶುರುವಾದದ್ದು ಅಲ್ಲಿಂದಲೇ. ತೆಪ್ಪ ತೆಗೆದುಕೊಂಡು ಯಾರಾದರೂ ಹೋಗಿ ಮುಳುಗಿದ್ದರೆ ಅವಳು ತಡೆದದ್ದು ಸರಿ ಎಂದು ಊರಿಗೆ ತಿಳಿಯುತ್ತಿತ್ತು. ಯಾರೂ ಹೋಗಲಿಲ್ಲ, ಯಾರೂ ಮುಳುಗಲಿಲ್ಲ. ಹಾಗಾಗಿ ಜನರ ಕಣ್ಣಲ್ಲಿ ಉಳಿದದ್ದು ಒಂದೇ ಚಿತ್ರ. ಗಂಡ ನೀರಿನಲ್ಲಿ, ಹೆಂಡತಿ ದಂಡೆಯಲ್ಲಿ ಕುಳಿತು ನೋಡುತ್ತಿದ್ದಳು.

ಡೈರಿಯ ಸಾಲಿನಲ್ಲಿ ನನಗೆ ದಿನಾ ಅದೇ ಕೇಳಿಸುತ್ತಿತ್ತು. ಎಂಥ ಗಟ್ಟಿ ಎದೆಯಪ್ಪ ಅವಳದು ಎಂದು ಒಬ್ಬರು. ಬೇರೆಯವಳಾಗಿದ್ದರೆ ತಾನೇ ನೀರಿಗೆ ಹಾರಿಬಿಡುತ್ತಿದ್ದಳು ಎಂದು ಇನ್ನೊಬ್ಬರು. ಅವಳು ಬರುವುದು ಕಂಡರೆ ಸಾಲು ಸುಮ್ಮನಾಗುತ್ತಿತ್ತು. ಅವಳು ಕ್ಯಾನು ಇಟ್ಟು, ಡಿಗ್ರಿ ನೋಡಿ, ಹೋಗುತ್ತಿದ್ದಳು. ಬೆಟ್ಟಮ್ಮ ತನ್ನ ಸೀರೆಗಳ ಗಂಟು ಕಟ್ಟಿಕೊಂಡು ಹಿರಿಯ ಮಗ ಮಹದೇವುವಿನ ಮನೆಗೆ ಹೋದಳು. ಎರಡೂ ಮನೆ ಒಂದೇ ಬೀದಿಯಲ್ಲಿವೆ, ನಡುವೆ ನಾಲ್ಕು ಮನೆ. ಆದರೂ ಅದು ದೊಡ್ಡ ವಿಷಯವೇ ಆಯಿತು.

ಶಿವು ಅವತ್ತೇ ಬದಲಾಗಿದ್ದ. ಆ ದಡದ ಅಲೆಗಳನ್ನು ನೋಡಿದವರು ಅವನೂ ನಾನೂ ಮಾತ್ರ. ಅವನು ಅವ್ವನ ಹತ್ತಿರ ತಪ್ಪಾಯಿತು ಎಂದು ಕೇಳಿಕೊಳ್ಳಲಿಲ್ಲ. ನಮ್ಮ ಕಡೆ ಗಂಡುಮಕ್ಕಳು ಕೇಳುವುದೂ ಇಲ್ಲ. ಆದರೆ ಭಾನುವಾರ ರಜೆಯ ದಿನ ಅವಳ ಜೊತೆ ಕೂತು ಹಳೆ ತೆಪ್ಪದ ತಳ ಬಿಚ್ಚಿ, ಹೊಸ ಬಿದಿರು ಹೆಣೆದು, ಟಾರು ಬಳಿದ. ಗಾಳಿ ತಿಂಗಳು ಮುಗಿದ ಮೇಲೆ ಅಮ್ಮ ಮಗ ಇಬ್ಬರೇ ಕೆರೆಗೆ ಇಳಿದರು. ಅಟ್ಟದ ಜಾಕೆಟ್ಟುಗಳು ಕೆಳಗೆ ಬಂದವು. ಸೀರೆಯ ಮೇಲೆ ಕಿತ್ತಳೆ ಜಾಕೆಟ್ಟು ಹಾಕಿಕೊಂಡು ಏರಿಯ ಮೇಲೆ ಹೋಗುವ ಅವಳನ್ನು ನೋಡಿ ನಗುವವರು ನಕ್ಕರು.

ಮಾತು ನಿಲ್ಲಿಸಿದವನು ಕೆಂಪರಾಜು. ಕಾಲಿನ ಗಾಯ ಮಾಯಿತು, ಓಡಾಡಿದ, ಹಸು ನೋಡಿಕೊಂಡ. ಕೆರೆಯ ಕಡೆ ಹೋಗಲಿಲ್ಲ. ಹೆಂಡತಿ ಬಡಿಸಿದ್ದನ್ನು ಉಂಡು ಎದ್ದು ಹೋಗುತ್ತಿದ್ದ. ಬೇಕು, ಬೇಡ, ಸಾಕು, ಇಷ್ಟೇ ಮಾತು. ಅವಳು ಹತ್ತಿರ ಬಂದರೆ ಕಣ್ಣು ತಪ್ಪಿಸುತ್ತಿದ್ದ. ಅವಳು ತಡೆಯದೆ ಇದ್ದಿದ್ದರೆ ಯಾರಾದರೂ ಬರುತ್ತಿದ್ದರು ಎಂಬ ಸಿಟ್ಟು ಅವನಿಗೆ, ಅದು ಹೋಗುವುದಿಲ್ಲ ಎಂದು ಊರು ತೀರ್ಮಾನ ಮಾಡಿತು. ಸಣ್ಣತಾಯಮ್ಮನೂ ಹಾಗೇ ಅಂದುಕೊಂಡಳು.

ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಸಾಲು ಕರಗಿದ ನಂತರ ನಾನು ಅವಳಿಗೆ, "ಅಕ್ಕ, ಅವತ್ತು ನಾನೂ ನಿನ್ನನ್ನ ಎಳೆದೆ," ಅಂದೆ.

"ಗೊತ್ತು. ರಟ್ಟೆ ಮ್ಯಾಲೆ ನಿನ್ ಬೆರಳಿನ ಗುರ್ತು ಎಂಟ್ ದಿನ ಇತ್ತು," ಅಂದಳು. ಸಿಟ್ಟಿರಲಿಲ್ಲ. ಕ್ಯಾನಿಗೆ ಮುಚ್ಚಳ ಹಾಕುತ್ತ ನಿಂತಳು. ಆಮೇಲೆ ತಾನಾಗಿಯೇ ಹೇಳಿದಳು. "ನೀವು ಓದ್ಮ್ಯಾಲೆ ತೆಪ್ಪ ನಿಂತೋಯ್ತಲ್ಲ, ಆಗ ಯಾರಾರ ಒಬ್ರು ಬಂದು ಇನ್ನೊಂದ್ಸಲ ಎಳ್ದಿದ್ರೆ ಎದ್ಬುಡ್ತಿದ್ದೆ ಕಣಪ್ಪ. ಯಾರೂ ಬರ್ಲಿಲ್ಲ. ಮೊದ್ಲೇ ಎಳ್ದೂ ಎಳ್ದೂ ಸಾಕಾಗಿದ್ರು."

ನಾನು ಅವಳ ಕ್ಯಾನು ಎತ್ತಿಕೊಟ್ಟೆ.

"ಎಲ್ರೂ ನಂಗೆ ಗಟ್ಟಿಗಿತ್ತಿ ಅಂತಾರೆ. ಬೈಯಕ್ಕಾದ್ರೂ ಅಂಗೇ ಅಂತಾರೆ," ಅಂದು ಹೋದಳು.

ವರ್ಷ ತಿರುಗಿತು. ಹೋದ ವರ್ಷದ ಆಷಾಢದಲ್ಲಿ ಮತ್ತೆ ಗಾಳಿ ಎದ್ದಿತು. ಬಲೆಗಳೆಲ್ಲ ಮನೆಗೆ ಬಂದಿದ್ದವು. ಒಂದು ಮಧ್ಯಾಹ್ನ ಸಣ್ಣತಾಯಮ್ಮ ಜಗಲಿಯ ಮೇಲೆ ಬಲೆ ಹರಡಿಕೊಂಡು ಹರಿದ ಕಣ್ಣುಗಳನ್ನು ಹೊಲಿಯುತ್ತಿದ್ದಳು. ಕೆಂಪರಾಜು ಕೊಟ್ಟಿಗೆಯಿಂದ ಬಂದು, ಕೈ ತೊಳೆದು, ಬಲೆಯ ಇನ್ನೊಂದು ತುದಿ ಹಿಡಿದು ಕುಳಿತ. ವರ್ಷದಲ್ಲಿ ಮೊದಲ ಸಲ ಅವನು ಬಲೆ ಮುಟ್ಟಿದ್ದು. ಅವಳು ಇನ್ನೊಂದು ಸೂಜಿ ಅವನ ಕಡೆ ಸರಿಸಿದಳು. ಸ್ವಲ್ಪ ಹೊತ್ತು ಇಬ್ಬರೂ ಹೊಲಿದರು. ತೆಂಗಿನ ಗರಿಗಳು ಮನೆಯ ಸೂರಿಗೆ ಉಜ್ಜುವ ಸದ್ದು.

"ನಂಗೆ ಕಾಣ್ತಿತ್ತು," ಅಂದ ಅವನು ಇದ್ದಕ್ಕಿದ್ದಂತೆ.

"ಏನು?"

"ಅಲೆ ಮ್ಯಾಕೆತ್ತಿದಾಗೆಲ್ಲ ಏರಿ ಕಾಣ್ತಿತ್ತು. ನೀಲಿ ಅಂಗಿ ಕಾಣ್ತಿತ್ತು. ತೆಪ್ಪದ ತಾವ್ ಬಗ್ಗಿದ್ದ. ಶಿವೂನೇ ಅಂತ ಗೊತ್ತಾಯ್ತು."

ಅವಳು ಸೂಜಿ ನಿಲ್ಲಿಸಿದಳು.

"ಬರ್ಬ್ಯಾಡ ಅಂತ ಕೂಗ್ಬೇಕಿತ್ತು ನಾನು," ಅಂದ. "ಅಪ್ಪ ಅಂದ್ಮ್ಯಾಲೆ ಅಂಗೆ ಅನ್ನಿಸ್ಬೇಕಿತ್ತು. ಅನ್ನಿಸ್ಲಿಲ್ಲ ಕಣೆ. ಬರ್ಲಿ ಬರ್ಲಿ ಅಂತ್ಲೇ ಇತ್ತು. ಅವ್ನು ಈ ಗಾಳೀಲಿ ಬಂದ್ರೆ ಉಳಿಯಾಕಿಲ್ಲ ಅಂತ ಗೊತ್ತಿತ್ತು, ಗೊತ್ತಿದ್ರೂ ಬರ್ಲಿ ಅಂತ್ಲೇ ಇತ್ತು. ನೀನು ಬಂದು ಕುಂತ್ಕಂಡೆ. ಅವ್ನು ಬರ್ಲಿಲ್ಲ. ಆವಾಗ ನಿನ್ನ ಬೈದೆ ನಾನು ನೀರ್ನಾಗೆ. ಬಾಯಿಗ್ ಬಂದಂಗೆ ಬೈದೆ."

ಒಂದು ವರ್ಷ ಅವನು ಬಾಯಿ ಮುಚ್ಚಿಕೊಂಡಿದ್ದು ಇದಕ್ಕೆ. ಅವನಿಗೆ ಹೆಂಡತಿಯ ಮೇಲೆ ಸಿಟ್ಟಿರಲಿಲ್ಲ. ಒಬ್ಬನೇ ಮಗನನ್ನು ತಾನು ಆ ನೀರಿಗೆ ಕರೆದಿದ್ದೆ, ಉಳಿಸಿದವಳು ಇವಳು ಎಂಬ ನಾಚಿಕೆ. ಎಲ್ಲರೂ ಅವಳನ್ನು ಬೈಯುತ್ತಿದ್ದಾಗ ಬಾಯಿಬಿಟ್ಟು ಹೇಳಲು ಅವನಿಂದ ಆಗಲಿಲ್ಲ. ದಿನ ಕಳೆದಂತೆ ಹೇಳುವುದು ಇನ್ನೂ ಕಷ್ಟವಾಯಿತು.

ಸಣ್ಣತಾಯಮ್ಮ ಮತ್ತೆ ಸೂಜಿ ಹಿಡಿದಳಂತೆ. ಆಮೇಲೆ, "ನೀರ್ನಾಗೆ ಇರೋರು ಇನ್ನೇನ್ ಅನ್ಕತಾರೆ?" ಅಂದಳು. "ನಾನು ದಡದಾಗಿದ್ದೆ. ದಡದಾಗಿರೋಳಿಗೆ ಯೋಚ್ನೆ ಮಾಡಕ್ಕಾಯ್ತದೆ. ನೀನಿದ್ದ ಜಾಗದಾಗೆ ನಾನಿದ್ದಿದ್ರೆ ನಾನೂ ಬರ್ಲಿ ಅಂತಿದ್ನೇನೋ. ಯಾರ್ಗೊತ್ತು."

ಕೆಂಪರಾಜು ಅತ್ತನೋ ಇಲ್ಲವೋ ಅವಳು ನನಗೆ ಹೇಳಲಿಲ್ಲ, ನಾನು ಕೇಳಲಿಲ್ಲ. ಸಂಜೆಯವರೆಗೆ ಇಬ್ಬರೂ ಬಲೆ ಹೊಲಿದರು ಎಂದಷ್ಟೇ ಹೇಳಿದಳು. ಆ ಭಾನುವಾರ ಅವನು ಇದೇ ಮಾತನ್ನು ಶಿವುಗೂ ಹೇಳಿದ. ಹೇಳಲೇಬೇಕು ಎಂದು ಪಟ್ಟು ಹಿಡಿದವನು ಅವನೇ. ಶಿವು ಬೈಕು ಒರೆಸುತ್ತಿದ್ದವನು ಕೈ ನಿಲ್ಲಿಸದೆ, "ನಾನೂ ಬರ್ಬೇಕು ಅಂತ್ಲೇ ಇದ್ದೆ ಬುಡಪ್ಪ," ಅಂದನಂತೆ.

ಕೆಂಪರಾಜು ನನ್ನ ಡೈರಿಗೂ ಬಂದ. ಒಂದು ಬೆಳಿಗ್ಗೆ ಹೆಂಡತಿಯ ಬದಲು ತಾನೇ ಹಾಲು ತಂದು, ಸಾಲಿನಲ್ಲಿ ಹದಿನೈದು ಜನ ನಿಂತಿರುವಾಗ, ಯಾರನ್ನೂ ನೋಡದೆ ಹೇಳಿದ. "ಅವತ್ತು ಸಣ್ಣತಾಯಿ ಕುಂತ್ಕಂಡಿದ್ದಕ್ಕೆ ನನ್ ಮಗ ಉಳ್ದ. ನಾನೂ ಉಳ್ದೆ. ಇನ್ಮ್ಯಾಲೆ ಯಾರೂ ಮಾತಾಡ್ಬ್ಯಾಡಿ." ಹಾಲು ಅಳೆಸಿ ಹೊರಟುಹೋದ. ಜನ ಅವತ್ತು ಮಾತಾಡಲಿಲ್ಲ. ಆಮೇಲೆ ಕಡಿಮೆ ಮಾಡಿದರು.

ಎಲ್ಲವೂ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಮಹದೇವು ಈಗಲೂ ತಮ್ಮನ ಹೆಂಡತಿಯ ಜೊತೆ ಅಳೆದು ಮಾತಾಡುತ್ತಾನೆ. ತಮ್ಮನ ಕಡೆ ಹೋಗದೆ ನಿಂತೆನಲ್ಲ ಎಂಬುದು ಅವನಿಗೆ ಇನ್ನೂ ಕೊರೆಯುತ್ತದೆ, ಆ ಕೊರೆತವನ್ನು ಅವನು ಅವಳ ತಲೆಗೇ ಕಟ್ಟುತ್ತಾನೆ. ಆದರೆ ಹೋದ ವರ್ಷದಿಂದ ಮೀನುಗಾರರ ಸಂಘದವರು ಆಷಾಢದಲ್ಲಿ ಒಬ್ಬನೇ ಯಾರೂ ತೆಪ್ಪ ಇಳಿಸಬಾರದು ಎಂದು ಮಾಡಿಕೊಂಡಿದ್ದಾರೆ. ಆ ದಡದಲ್ಲಿ ಒಂದು ದೊಡ್ಡ ಹಗ್ಗ, ಎರಡು ಟ್ರ್ಯಾಕ್ಟರ್ ಟ್ಯೂಬು ಇಟ್ಟಿದ್ದಾರೆ. ಅದನ್ನು ಮಾಡಿಸಲು ಸಭೆಯಲ್ಲಿ ಎದ್ದು ನಿಂತು ಮಾತಾಡಿದವನು ಶಿವು.

ಬೆಟ್ಟಮ್ಮ ಹಿರಿಯ ಮಗನ ಮನೆಯಲ್ಲೇ ಇದ್ದಾಳೆ, ವಾಪಸ್ಸು ಬಂದಿಲ್ಲ. ಬರುವುದೂ ಇಲ್ಲವೇನೋ. ಆದರೆ ಈ ಸಲ ಗಾಳಿ ಶುರುವಾದಾಗಿನಿಂದ ಅವಳು ಬೆಳಿಗ್ಗೆ ಕೋಲೂರಿಕೊಂಡು ನಾಲ್ಕು ಮನೆ ದಾಟಿ ಸಣ್ಣತಾಯಮ್ಮನ ಬಾಗಿಲಿಗೆ ಬರುತ್ತಾಳೆ. ಒಳಗೆ ಕಾಲಿಡುವುದಿಲ್ಲ.

ನಿನ್ನೆ ಹಸುವಿನ ಕಿವಿಗೆ ನಂಬರಿನ ಓಲೆ ಹಾಕಲು ಅಲ್ಲಿಗೆ ಹೋಗಿದ್ದ ನಾನು ಕಣ್ಣಾರೆ ನೋಡಿದೆ.

"ಕೆಂಪ ಕೆರೆಗೆ ಓದ್ನಾ?" ಎಂದು ಮುದುಕಿ ಬೀದಿಯಿಂದಲೇ ಕೇಳಿದಳು.

"ಇಲ್ಲ ಕಣತ್ತೆ. ಮನೇಲವ್ನೆ," ಅಂದಳು ಸಣ್ಣತಾಯಮ್ಮ.

"ಸರಿ ಬುಡು ಮತ್ತೆ," ಎಂದು ಬೆಟ್ಟಮ್ಮ ಕೋಲು ತಿರುಗಿಸಿಕೊಂಡು ನಿಧಾನಕ್ಕೆ ನಡೆದು ಹೋದಳು.